63ನೇ ನಂಬರ್ ಇವತ್ತು ಹಾಲು ಹಾಕಿಲ್ಲ

ಎರಡು ವರ್ಷದ ಹಿಂದಿನ ಆಷಾಢ. ಬೆಳಿಗ್ಗೆ ಏಳೂಕಾಲು. ನಾಗರಭಾವಿಯ ಮನೆಯಲ್ಲಿ ಮಗಳ ಡಬ್ಬಿಗೆ ಚಿತ್ರಾನ್ನ ಕಲಸುತ್ತಿದ್ದೆ, ಕೈಯೆಲ್ಲ ಅರಿಶಿನ. ಫೋನ್ ಬಡಿದುಕೊಂಡಿತು. ನೋಡಿದರೆ ಊರಿನ ಡೇರಿ ಸೆಕ್ರೆಟರಿ. ಆ ಹುಡುಗ ಸುಮ್ಸುಮ್ನೆ ಫೋನ್ ಮಾಡುವವನಲ್ಲ. ಆ ಹೊತ್ತಿನಲ್ಲಿ ಅವನಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

"ಅಕ್ಕಾ, ಇವತ್ತು 63 ಹಾಲು ಹಾಕಿಲ್ಲ. ದೊಡ್ಡಮ್ಮನ್ನ ಬೆಂಗ್ಳೂರಿಗೇನಾದ್ರೂ ಕರ್ಕೊಂಡೋಗಿದೀರಾ?"

63 ಅಂದರೆ ನಮ್ಮಮ್ಮ. ಮಾಗಡಿ ಕಡೆಯ ನಮ್ಮ ಹಳ್ಳಿಯ ಡೇರಿಯಲ್ಲಿ, ಅಂದರೆ ಹಾಲಿನ ಸಹಕಾರ ಸಂಘದಲ್ಲಿ, ಅಮ್ಮನ ನಂಬರ್ ಅದು. ಇಲ್ವಲ್ಲಪ್ಪ ಅಂದೆ. "ಹಂಗಾದ್ರೆ ತಡೀರಿ" ಅಂದವನೇ ಫೋನ್ ಇಟ್ಟು, ಟೆಸ್ಟರ್ ಹುಡುಗನನ್ನು ಮನೆಗೆ ಓಡಿಸಿದ. ಹತ್ತು ನಿಮಿಷಕ್ಕೆ ಸುದ್ದಿ ಬಂತು. ಅಮ್ಮ ಕೊಟ್ಟಿಗೆಯಲ್ಲಿ ಬಿದ್ದಿದ್ದಳು. ಗಂಜಲದ ಮೇಲೆ ಕಾಲು ಜಾರಿ, ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದು, ಐದೂವರೆಯಿಂದ ಅಲ್ಲೇ ಮಲಗಿದ್ದಳು. ಫೋನ್ ಒಳಗೆ ದೇವರ ಗೂಡಿನಲ್ಲಿತ್ತು. ಕೂಗಿದ್ದಾಳೆ. ಹಸು ಬಿಟ್ಟರೆ ಯಾರಿಗೂ ಕೇಳಿಲ್ಲ.

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಅಣ್ಣ ಪುಣೆಯಲ್ಲಿದ್ದಾನೆ. ನಾನು ಐವತ್ತು ಕಿಲೋಮೀಟರ್ ದೂರದಲ್ಲಿದ್ದರೂ, ಮಾಗಡಿ ರೋಡಿನ ಟ್ರಾಫಿಕ್ ದಾಟಿ ಹೋಗುವುದು ಅಂದರೆ ಪುಣೆಯೇ ವಾಸಿ ಅನಿಸುತ್ತದೆ. ದಿನಾ ರಾತ್ರಿ ಎಂಟಕ್ಕೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅವತ್ತು ಡೇರಿ ಇಲ್ಲದಿದ್ದರೆ ನನಗೆ ಗೊತ್ತಾಗುತ್ತಿದ್ದುದು ರಾತ್ರಿ ಎಂಟಕ್ಕೇ. ಆ ಹದಿನಾಲ್ಕೂವರೆ ಗಂಟೆಯ ಲೆಕ್ಕ ಇವತ್ತಿಗೂ ಕೆಲವು ಸಲ ಮಧ್ಯರಾತ್ರಿ ಎಬ್ಬಿಸುತ್ತದೆ.

ನಮ್ಮ ಡೇರಿ ನೋಡದವರಿಗೆ ಒಂಚೂರು ಹೇಳಬೇಕು. ಬಸ್‌ಸ್ಟಾಪಿನ ಪಕ್ಕ ಶೀಟ್ ಹೊದಿಸಿದ ಕಟ್ಟಡ, ಗೋಡೆ ಮೇಲೆ ನಂದಿನಿ ಬಣ್ಣ. ಬೆಳಿಗ್ಗೆ ಆರೂವರೆಯಿಂದ ಏಳೂವರೆ, ಸಂಜೆಯೂ ಒಂದು ಗಂಟೆ. ಕ್ಯಾನು, ಕೊಳಗ, ಪ್ಲಾಸ್ಟಿಕ್ ಡಬ್ಬ, ಮೊಮ್ಮಗಳ ವಾಟರ್ ಬಾಟಲ್, ಯಾರಿಗೆ ಏನಿದೆಯೋ ಅದರಲ್ಲಿ ಹಾಲು ತಂದು ಸಾಲಲ್ಲಿ ನಿಲ್ಲುತ್ತಾರೆ. ನಂಬರ್ ಕೂಗಿ ಹಾಲು ಸುರಿದರೆ ತೂಕ ಬರುತ್ತದೆ, ಒಂದು ಚೂರು ಹಾಲನ್ನು ಮಿಷನ್ ಹೀರಿಕೊಂಡು ಫ್ಯಾಟ್ ತೋರಿಸುತ್ತದೆ, ಚೀಟಿ ಬರುತ್ತದೆ. ಫ್ಯಾಟ್ ಕಮ್ಮಿ ಬಂದವರು ಮಿಷನ್ನಿಗೆ ಬೈಯುತ್ತಾರೆ, ಜಾಸ್ತಿ ಬಂದವರು ಹಸುವನ್ನು ಹೊಗಳುತ್ತಾರೆ. ಸಾಲಿನಲ್ಲಿ ಕಣ್ಣಾಡಿಸಿ ನೋಡಿ. ಮುಕ್ಕಾಲು ಪಾಲು ತಲೆ ನರೆತಿದೆ. ಮಕ್ಕಳೆಲ್ಲ ಪೀಣ್ಯ, ಬಿಡದಿ, ಸುಂಕದಕಟ್ಟೆ ಸೇರಿದ ಮೇಲೆ ಊರಲ್ಲಿ ಉಳಿದವರು ಇವರೇ. ದಿನಕ್ಕೆ ಎರಡು ಸಲ, ವರ್ಷಕ್ಕೆ 365 ದಿನ, ಯುಗಾದಿಗೂ ರಜೆ ಇಲ್ಲದೆ, ಊರಿನ ಮುದುಕರ ಹಾಜರಿ ಒಂದು ಪುಸ್ತಕದಲ್ಲಿ ಬೀಳುತ್ತಾ ಇದೆ. ಹಾಜರಿ ಹಾಕುತ್ತಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ, ಅಷ್ಟೇ. ಅವರು ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿಗೆ ಆ್ಯಪ್ ಇದೆ, ಕ್ಯಾಮೆರಾ ಹನ್ನೆರಡಿವೆ. ನೆಲಮಹಡಿಯ ಒಬ್ಬರು ರಿಟೈರ್ಡ್ ಮೇಷ್ಟ್ರು ಜ್ವರದಲ್ಲಿ ಎರಡು ದಿನ ಒಬ್ಬರೇ ಮಲಗಿದ್ದರು. ಬಾಗಿಲಲ್ಲಿ ಪೇಪರ್ ಎರಡು ಬಿದ್ದಿದ್ದನ್ನು ನಾನೂ ನೋಡಿದ್ದೆ, ದಾಟಿಕೊಂಡು ಆಫೀಸಿಗೆ ಹೋಗಿದ್ದೆ.

2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10 ಕೋಟಿ 38 ಲಕ್ಷ ಇದ್ದರು. ಅವರಲ್ಲಿ ನೂರಕ್ಕೆ 71 ಜನ ಹಳ್ಳಿಯವರು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತೂವರೆ ಜನ ಹಿರಿಯರು. ಈಗ ಇನ್ನೂ ಜಾಸ್ತಿ ಆಗಿದ್ದಾರೆ ಅನ್ನೋದಕ್ಕೆ ಗಣತಿ ಬೇಕಿಲ್ಲ, ನಮ್ಮ ಡೇರಿ ಸಾಲು ಸಾಕು. ಇವರಿಗೆ ಸರ್ಕಾರದಿಂದ ಏನು ಸಿಗುತ್ತದೆ? 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ. ಕೇಂದ್ರದ ವೃದ್ಧಾಪ್ಯ ಪಿಂಚಣಿಯಲ್ಲಿ 80ರ ಒಳಗಿನವರಿಗೆ ದೆಹಲಿಯ ಪಾಲು ಇವತ್ತಿಗೂ 200 ರೂಪಾಯಿ. ಇನ್ನೂರು! ಮಾಗಡಿಗೆ ಹೋಗಿ ಒಂದು ವಾರದ ಮಾತ್ರೆ ತರುವುದಕ್ಕೂ ಸಾಲದು. ಹೆಂಗಸರಿಗೆ ಬಸ್ ಫ್ರೀ ಆಗಿರುವುದೇ ಪುಣ್ಯ.

ಅದಕ್ಕೇ ಹಸು. ಅಮ್ಮನಿಗೆ ಗೌರಿ ಅನ್ನೋ ಸೀಮೆ ಹಸುವೇ ಪಿಂಚಣಿ. ಎರಡೂ ಹೊತ್ತು ಸೇರಿ ಹನ್ನೊಂದು ಲೀಟರ್. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಮೇಲೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ, ಅದು ಬಂದಾಗ ಬಂತು. ಫೀಡಿಗೆ, ಹುಲ್ಲಿಗೆ ಹೋಗಿ ಏನು ಮಿಗುತ್ತಿತ್ತು ಅಂತ ಲೆಕ್ಕ ಹಾಕಲು ಕೂತರೆ ಅಮ್ಮ ಪೆನ್ನು ಕಿತ್ತುಕೊಳ್ಳುತ್ತಿದ್ದಳು. "ನಿನ್ ಲೆಕ್ಕದಲ್ಲಿ ನನ್ ಕೂಲಿ ಹಿಡಿದ್ರೆ ನಷ್ಟ, ಹಿಡೀದಿದ್ರೆ ಲಾಭ. ನಾನು ಹಿಡಿಯಲ್ಲ."

ನಾನು ಹೊಟ್ಟೆಪಾಡಿಗೆ ಲೆಕ್ಕ ನೋಡುವವಳು, ಅದನ್ನು ಹೇಳಲೇ ಇಲ್ಲ. ರಾಜಾಜಿನಗರದ ಒಂದು ಆಡಿಟ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಸಹಕಾರ ಸಂಘಗಳ ಪುಸ್ತಕಗಳು ಏಪ್ರಿಲಿನಿಂದ ಆಗಸ್ಟ್‌ವರೆಗೆ ನನ್ನ ಮೇಜು ತುಂಬಿರುತ್ತವೆ. ಹಾಲಿನ ಸಂಘ, ವ್ಯವಸಾಯ ಸೇವಾ ಸಂಘ, ಪತ್ತಿನ ಸಂಘ, ಗೃಹ ನಿರ್ಮಾಣ ಸಂಘ. ಅದಕ್ಕೇ ಅಮ್ಮನ ವಿಷಯದಲ್ಲಿ ಮುಂದೆ ಆಗಿದ್ದು ನನಗೆ ಆಶ್ಚರ್ಯ ತರಬಾರದಿತ್ತು. ಆದರೂ ತಂತು.

ಆಪರೇಷನ್ ಆಯಿತು. ಮೂರು ತಿಂಗಳು ನಮ್ಮ ಮನೆಯಲ್ಲಿದ್ದಳು. ಬಾಲ್ಕನಿಯಲ್ಲಿ ಕೂತು ಎದುರಿನ ಬಿಲ್ಡಿಂಗಿನ ಒಗೆದ ಬಟ್ಟೆ ಎಣಿಸುತ್ತಿದ್ದಳು. ಹೋಮ್ ನರ್ಸ್ ಇಟ್ಟೆವು, ಅವಳ ಏಜೆನ್ಸಿಗೆ ನನ್ನ ಅರ್ಧ ಸಂಬಳ. ನಾಲ್ಕನೇ ತಿಂಗಳು "ನನ್ನ ಊರಿಗೆ ಬಿಟ್ಬಿಡು" ಅಂತ ಹಟ. ಬಿಟ್ಟೆ. ಅಷ್ಟು ಹೊತ್ತಿಗೆ ಗೌರಿಯನ್ನು ಮಾರಿಯಾಗಿತ್ತು. ವಾಕರ್ ಹಿಡಿದವಳು ಹಾಲು ಕರೆಯುವುದು ಹೇಗೆ?

ಮರುವರ್ಷ ಸೆಪ್ಟೆಂಬರಿನಲ್ಲಿ ಡೇರಿಯ ವಾರ್ಷಿಕ ಮಹಾಸಭೆ. ನೋಟಿಸ್ ಬರಲಿಲ್ಲ. ಸೆಕ್ರೆಟರಿಯನ್ನು ಕೇಳಿದರೆ ತಲೆ ತಗ್ಗಿಸಿದ. "ದೊಡ್ಡಮ್ಮ ಈ ವರ್ಷ ಅಷ್ಟು ದಿನ ಹಾಲು ಹಾಕಿಲ್ಲವಲ್ಲಕ್ಕ." ನಿಜ. ಬೈಲಾ, ಅಂದರೆ ಸಂಘದ ಒಳನಿಯಮದ ಪ್ರಕಾರ ವರ್ಷಕ್ಕೆ ಇಂತಿಷ್ಟು ದಿನ, ಇಂತಿಷ್ಟು ಲೀಟರ್ ಹಾಲು ಹಾಕಿದವರಿಗೆ ಮಾತ್ರ ಓಟು. ಇದಕ್ಕೊಂದು ಒಳ್ಳೆ ಕಾರಣವೂ ಇದೆ, ನಾನೇ ಎಷ್ಟೋ ಸಂಘಗಳಿಗೆ ಅದನ್ನು ಪಾಲಿಸಿಲ್ಲ ಅಂತ ಆಕ್ಷೇಪಣೆ ಬರೆದಿದ್ದೇನೆ. ಹಸುವಿನ ಬಾಲವನ್ನೂ ಮುಟ್ಟದ ಪುಢಾರಿಗಳು ಷೇರು ತಗೊಂಡು ಅಧ್ಯಕ್ಷರಾಗುವುದನ್ನು ತಡೆಯಲು ಮಾಡಿದ ನಿಯಮ ಅದು. ಪುಢಾರಿಗಳು ಹೇಗೋ ಒಳಗೆ ಬರುತ್ತಾರೆ, ಯಾರದೋ ಹಾಲು ತಮ್ಮ ನಂಬರಿಗೆ ಹಾಕಿಸುತ್ತಾರೆ. ಹೊರಗೆ ಹೋಗುವವರು ಮೂವತ್ತು ವರ್ಷ ಹಾಲು ಹಾಕಿ ಕೈಯಲ್ಲಿ ಆಗದೆ ಹಸು ಮಾರಿದ ಮುದುಕಿಯರು.

ನನಗೆ ಹೇಳಬೇಕಾಗಿರುವುದು ಇಷ್ಟೇ, ಮಿಕ್ಕಿದ್ದೆಲ್ಲ ಇದರ ಸುತ್ತಲೇ. ಸಂಘಕ್ಕೆ ಅಮ್ಮನ ಅಗತ್ಯ ಇದ್ದಾಗ ಅಮ್ಮ ಸದಸ್ಯೆ. ಅಮ್ಮನಿಗೆ ಸಂಘದ ಅಗತ್ಯ ಬಿದ್ದ ದಿನ ಅವಳ ನಂಬರ್ ಹೋಯಿತು. ಅವಳ ಪ್ರಾಣ ಉಳಿಸಿದ ನಂಬರೇ ಹೋಯಿತು.

ಇನ್ನೊಂದು ತಮಾಷೆ. ಆ ಮಹಾಸಭೆಯಲ್ಲಿ ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಚೆನ್ನಾಗಿ ಮಾರ್ಕ್ಸ್ ತೆಗೆದ ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಇರುತ್ತದೆ. ನನಗೂ ಬಂದಿತ್ತು, ಒಂದು ಸ್ಟೀಲ್ ಬಿಂದಿಗೆ, ಮೇಲೆ ಸಂಘದ ಹೆಸರು ಕೊರೆಸಿದ್ದು. ನಾನು ಅದನ್ನು ತಗೊಂಡೇ ಬೆಂಗಳೂರಿಗೆ ಬಂದೆ. ಲಾಭದಲ್ಲಿ ಎತ್ತಿಟ್ಟ ದುಡ್ಡನ್ನು ಊರು ಬಿಟ್ಟು ಹೋಗುವವರಿಗೆ ಕೊಡುತ್ತಾ ಬಂದಿದ್ದೇವೆ, ಊರಲ್ಲಿ ಉಳಿಯುವವರಿಗೆ ಊಟದ ಪೊಟ್ಟಣ. ಮಕ್ಕಳಿಗೆ ಕೊಡಬೇಡಿ ಅಂತಲ್ಲ. ಆದರೆ ಹಾಗೆ ಓದಿ ಹೊರಟವರ ಅಪ್ಪ ಅಮ್ಮಂದಿರೇ ಅಲ್ವಾ ಈಗ ಆ ಸಾಲಲ್ಲಿ ನಿಂತಿರುವವರು?

ಸಂಘದ ಆಯವ್ಯಯದಲ್ಲಿ ನನಗೆ ತುಂಬ ಇಷ್ಟವಾದ ಒಂದು ಪದವಿದೆ. ಆಪದ್ಧನ ನಿಧಿ. ಲಾಭದಲ್ಲಿ ನೂರಕ್ಕೆ 25 ಇದಕ್ಕೆ ಹೋಗಬೇಕು ಅಂತ ಕಾನೂನು. ಸಂಘಕ್ಕೆ ಆಪತ್ತು ಬಂದರೆ ಇರಲಿ ಅಂತ ಕಾದಿಡುವುದು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು, ಸರಿ. ಆದರೆ ಆ ಪದ ಬರೆಯುವಾಗಲೆಲ್ಲ ಅನಿಸುತ್ತದೆ, ಸದಸ್ಯರ ಆಪತ್ತಿಗೂ ಒಂದು ಕಾಲಂ ಇದ್ದಿದ್ದರೆ. ಸಹಕಾರ ಶುರುವಾಗಿದ್ದೇ ಜನರ ಆಪತ್ತಿಗೆ. 1904ರಲ್ಲಿ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದು ಅಂತ ಹೆಸರಾಗಿದೆ. ಅವತ್ತಿನ ಆಪತ್ತು ಸಾಹುಕಾರನ ಬಡ್ಡಿ. ಊರಿನವರೇ ಚೂರು ಚೂರು ದುಡ್ಡು ಹಾಕಿ, ಒಬ್ಬರಿಗೊಬ್ಬರು ಜಾಮೀನು ನಿಂತು, ಸಾಹುಕಾರನ ಬಾಗಿಲು ತಪ್ಪಿಸಿಕೊಂಡರು. ಇವತ್ತಿನ ಆಪತ್ತು ಒಬ್ಬರೇ ಮುದುಕರಾಗುವುದು. ಇದಕ್ಕೆ ಯಾರು ಯಾರಿಗೆ ಜಾಮೀನು?

ಹಾಗಂತ ನಮ್ಮ ಸಹಕಾರ ಸಂಘಗಳು ಆರೋಗ್ಯದ ತಂಟೆಗೇ ಹೋಗಿಲ್ಲ ಅಂದರೆ ಸುಳ್ಳು. ಯಶಸ್ವಿನಿ ನೆನಪಿದೆಯಲ್ಲ. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ಡಾ. ದೇವಿ ಶೆಟ್ಟಿಯವರ ತಲೆಯಲ್ಲಿ ಹುಟ್ಟಿದ ಯೋಚನೆ. ಲಕ್ಷಾಂತರ ರೈತರು ಸೇರಿದರು. ಒಬ್ಬ ಸೆಕ್ರೆಟರಿ ತನ್ನ ಸಾಲಿನಲ್ಲಿ ನಿಂತವರಿಗೆಲ್ಲ "ಕಟ್ಟಿ, ಆಮೇಲೆ ಅಳಬೇಡಿ" ಅಂದಿದ್ದರಿಂದ ಅದು ಆಯಿತು, ಟಿವಿ ಜಾಹೀರಾತಿನಿಂದ ಅಲ್ಲ. 2018ರಲ್ಲಿ ನಿಂತುಹೋಗಿತ್ತು, 2023ರ ಜನವರಿಯಿಂದ ಮತ್ತೆ ಬಂತು. ಈಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಅಮ್ಮ ಬಿದ್ದ ವರ್ಷ ನಾವು ಕಟ್ಟಿರಲಿಲ್ಲ. ಕಟ್ಟಿಸುತ್ತೇನೆ ಅಂತ ಹೇಳಿದವಳು ನಾನೇ, ಕೊನೆ ದಿನ ಮರೆತವಳೂ ನಾನೇ.

ಆದರೂ ಒಂದು ಮಾತು. ಮೊದಲ ಯಶಸ್ವಿನಿಯಲ್ಲಿ 75 ದಾಟಿದವರಿಗೆ ಜಾಗ ಇರಲಿಲ್ಲ. ವಿಮೆಯ ಲೆಕ್ಕ ಹಾಗೇ ಇರುತ್ತದೆ, ನನಗೆ ಅರ್ಥವಾಗುತ್ತದೆ. ಎರಡನೆಯದು, ಆಪರೇಷನ್ ಒಂದು ದಿನದ ಕೆಲಸ. ಅದಾದ ಮೇಲಿನ ನೂರು ದಿನ ಇದೆಯಲ್ಲ, ಎಬ್ಬಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಬೆಳಗಿನ ಮಾತ್ರೆ ಯಾವುದು ರಾತ್ರಿಯದು ಯಾವುದು, ಕಾಲು ಚಾಚಿಸಿ ಮಡಿಸುವುದು, ಸುಮ್ನೆ ಪಕ್ಕದಲ್ಲಿ ಕೂತಿರುವುದು. ಇದಕ್ಕೆ ಯಾವ ಕಾರ್ಡೂ ಇಲ್ಲ. ಮನೆ ಹೆಂಗಸು ಮಾಡಬೇಕು. ಮನೆ ಹೆಂಗಸು ನಾಗರಭಾವಿಯಲ್ಲಿ ಚಿತ್ರಾನ್ನ ಕಲಸುತ್ತಿದ್ದಾಳೆ.

ಬೆಂಗಳೂರಿನವರ ಹತ್ತಿರ ಸಹಕಾರ ಸಂಘದ ಮಾತು ಎತ್ತಿದರೆ ಎರಡೇ ಉತ್ತರ ಬರುತ್ತದೆ. ಒಂದು ಸೈಟು. ಅರ್ಧ ಬೆಂಗಳೂರಿನ ಲೇಔಟುಗಳಿಗೆ ಯಾವುದೋ ನೌಕರರ ಗೃಹ ನಿರ್ಮಾಣ ಸಂಘದ ಹೆಸರೇ ಇದೆ. ಇನ್ನೊಂದು, "ಅಯ್ಯೋ, ಡೆಪಾಸಿಟ್ ಇಟ್ಟು ಮುಳುಗಿದ್ವಿ". ಹಿರಿಯರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಬೋರ್ಡ್ ನೋಡಿ ರಿಟೈರ್‌ಮೆಂಟ್ ದುಡ್ಡೆಲ್ಲ ಒಂದೇ ಕಡೆ ಇಟ್ಟವರು ನಮ್ಮ ಬೀದಿಯಲ್ಲೂ ಇದ್ದಾರೆ. ಸಂದರ್ಭ ಬಂತು, ಹೇಳಿಬಿಡುತ್ತೇನೆ: ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಸಂಘದ ಠೇವಣಿಗೆ ಆ ವಿಮೆ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರ ರಶೀದಿಯ ಮೇಲೆ ಯಾವುದು ಬರೆದಿದೆ ಅಂತ ಇವತ್ತೇ ನೋಡಿ.

ಇರಲಿ. ಬೇರೆಯವರು ಏನು ಮಾಡಿದ್ದಾರೆ ಅಂತ ಓದುತ್ತಾ ಹೋದಾಗ ಜಪಾನಿನಲ್ಲಿ ಸಿಕ್ಕಿಹಾಕಿಕೊಂಡೆ. ನಗಾನೊ ಅನ್ನೋ ಬೆಟ್ಟದ ಸೀಮೆಯಲ್ಲಿ ಒಂದು ಊರು, ಹೆಸರು ಸಾಕು. ಹೌದು, ಸಾಕು! ನಮ್ಮ ಕಿವಿಗೆ ಅದು "ಇನ್ನು ಬೇಡ" ಅಂತಲೂ ಕೇಳಿಸುತ್ತದೆ, "ಸಾಕು, ಸಲಹು" ಅಂತಲೂ ಕೇಳಿಸುತ್ತದೆ. ಅಲ್ಲಿ ರೈತರ ಸಂಘ ನಡೆಸುತ್ತಿದ್ದ ಒಂದು ಪುಟ್ಟ ಆಸ್ಪತ್ರೆಗೆ 1945ರಲ್ಲಿ ತೊಶಿಕಾಜು ವಾಕತ್ಸುಕಿ ಅನ್ನೋ ಡಾಕ್ಟರ್ ಬಂದರು. ರೈತರು ಕಾಯಿಲೆ ಕೈಮೀರಿದ ಮೇಲಷ್ಟೇ ಬರುತ್ತಾರೆ ಅಂತ ಕಂಡು, ಅವರೇ ಹಳ್ಳಿ ಹಳ್ಳಿಗೆ ಹೊರಟರು. ಭಾಷಣ ಕೇಳುವವರಿಲ್ಲ ಅಂತ ಗೊತ್ತಾಗಿ ಡಾಕ್ಟರು, ನರ್ಸುಗಳು ಸೇರಿ ನಾಟಕ ಆಡಿದರು. 1959ರಿಂದ ಯಾಚಿಹೊ ಅನ್ನೋ ಹಳ್ಳಿಯಲ್ಲಿ ಊರಿಗೆ ಊರನ್ನೇ ಪ್ರತಿ ವರ್ಷ ತಪಾಸಣೆ ಮಾಡುವ ಪದ್ಧತಿ ಹಾಕಿದರು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅವರು ಹಳ್ಳಿಯವರ ಬಚ್ಚಿಟ್ಟ ಕಾಯಿಲೆಗಳನ್ನು ಎರಡು ಥರ ಮಾಡಿದ್ದರಂತೆ. ಗೊತ್ತೇ ಆಗದ ಕಾಯಿಲೆ ಒಂದು. ಗೊತ್ತಿದ್ದೂ ತಡೆದುಕೊಳ್ಳುವ ಕಾಯಿಲೆ ಇನ್ನೊಂದು. ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮಮ್ಮನ ಮಂಡಿನೋವು ತಡೆದುಕೊಳ್ಳುವ ಕಾಯಿಲೆ. ಕಣ್ಣಿನ ಪೊರೆ ತಡೆದುಕೊಳ್ಳುವ ಕಾಯಿಲೆ. ಬೀಳುವುದಕ್ಕೆ ಒಂದು ತಿಂಗಳ ಮೊದಲಿನಿಂದ ಬೆಳಿಗ್ಗೆ ಎದ್ದರೆ ತಲೆ ಸುತ್ತುತ್ತಿತ್ತಂತೆ. ಫೋನಿನಲ್ಲಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ "ನೀನು ರಜಾ ಹಾಕ್ಬೇಕಾಗ್ತದೆ". ಆದರೆ ಡೇರಿ ಸಾಲಿನಲ್ಲಿ ಪಕ್ಕದ ಹೆಂಗಸಿಗೆ ಹೇಳಿದ್ದಳು! ಆ ಹೆಂಗಸು "ನಂಗೂ ಸುತ್ತುತ್ತೆ ಕಣಕ್ಕ" ಅಂದಳಂತೆ. ಆ ಮಾತು ನಡೆದ ಜಾಗದಲ್ಲಿ ಒಂದು ಬಿಪಿ ಮಿಷನ್ ಇದ್ದಿದ್ದರೆ?

ಜಪಾನಿನ ಕೃಷಿ ಸಹಕಾರ ಸಂಘಗಳು ಅಲ್ಲಿಗೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಸದಸ್ಯರ ಮನೆ ಹೆಂಗಸರಿಗೆ ವಯಸ್ಸಾದವರ ಆರೈಕೆಯ ತರಬೇತಿ ಕೊಡಿಸಿದವು. 2000ದಲ್ಲಿ ಸರ್ಕಾರ ಆರೈಕೆಗೇ ಪ್ರತ್ಯೇಕ ವಿಮೆ ತಂದಾಗ ಆ ಕೆಲಸ ಮಾಡಲು ಹಳ್ಳಿಗಳಲ್ಲಿ ಜನ ತಯಾರಿದ್ದರು. ಸೊಸೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಸಂಬಳ ಬಂತು.

ಇನ್ನೊಂದು ಊರು ಕಾಮಿಕಾತ್ಸು. ಶಿಕೊಕು ದ್ವೀಪದ ಬೆಟ್ಟದಲ್ಲಿ, ಒಂದೂವರೆ ಸಾವಿರದ ಆಸುಪಾಸು ಜನ, ಅರ್ಧಕ್ಕಿಂತ ಜಾಸ್ತಿ 65 ದಾಟಿದವರು. 1981ರ ಚಳಿಗೆ ಅವರ ಕಿತ್ತಳೆ ಜಾತಿಯ ತೋಟಗಳೆಲ್ಲ ಸತ್ತವು. ಸಹಕಾರ ಸಂಘದಲ್ಲಿದ್ದ ಕೃಷಿ ಸಲಹೆಗಾರ ಯೊಕೊಯಿಶಿಗೆ ಒಂದು ವಿಷಯ ಹೊಳೆಯಿತು. ದೊಡ್ಡ ಹೋಟೆಲಿನ ತಟ್ಟೆಗಳಲ್ಲಿ ಅಂದಕ್ಕೆ ಎಲೆ ಇಡುತ್ತಾರಲ್ಲ, ಮೇಪಲ್ ಎಲೆ, ಹೂವಿನ ಮೊಗ್ಗು, ಅದು ನಮ್ಮ ಬೆಟ್ಟದ ತುಂಬ ಇದೆಯಲ್ಲ ಅಂತ. 1986ರಲ್ಲಿ ನಾಲ್ಕು ಮನೆಯಿಂದ ಶುರು. ಮೊದಲು ಜನ ನಕ್ಕರಂತೆ, ಎಲೆ ಮಾರೋದಾ ಅಂತ. ಈಗ ಅಜ್ಜಿಯರು ಟ್ಯಾಬ್ ನೋಡಿ ಇವತ್ತಿನ ಆರ್ಡರ್ ಎಷ್ಟು ಅಂತ ತಿಳಿದು ಎಲೆ ಕೀಳುತ್ತಾರೆ. ನನಗೆ ಇಷ್ಟವಾಗಿದ್ದು ದುಡ್ಡಲ್ಲ. ಎಲೆ ಹಗುರ. 80ರ ಮುದುಕಿ ಎತ್ತಬಲ್ಲಷ್ಟು ಹಗುರದ ಕೆಲಸವನ್ನು ಯಾರೋ ಕೂತು ಹುಡುಕಿದರು. ನಮ್ಮಲ್ಲಿ ಹಸು ಬಿಟ್ಟರೆ ಕುರಿ, ಕುರಿ ಬಿಟ್ಟರೆ ಜಗಲಿ. ನಡುವೆ ಏನೂ ಇಲ್ಲ.

ಇಟಲಿ 1991ರಲ್ಲಿ ಆರೈಕೆಯ ಸಹಕಾರ ಸಂಘಗಳಿಗೇ ಒಂದು ಕಾನೂನು ಮಾಡಿತು. ಅದರಲ್ಲಿ ನೋಡಿಕೊಳ್ಳುವವರೂ ಸದಸ್ಯರಾಗಬಹುದು, ನೋಡಿಸಿಕೊಳ್ಳುವವರೂ ಆಗಬಹುದು. ಪಕ್ಕದ ಕೇರಳದಲ್ಲಿ ಕೋಯಿಕ್ಕೋಡ್, ಮಲಪ್ಪುರಂ ಕಡೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಅಕ್ಕಪಕ್ಕದವರೇ ಗುಂಪು ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಾರೆ. ಕಾಗದದ ಮೇಲೆ ಅದು ಸಹಕಾರ ಸಂಘ ಅಲ್ಲ. ಕೆಲಸ ಮಾತ್ರ ಅದೇ.

ನಮ್ಮ ಡೇರಿಗೆ ವಾಪಸ್ ಬರೋಣ. ನನ್ನ ತಲೆಯಲ್ಲಿರುವುದು ವೃದ್ಧಾಶ್ರಮ ಅಲ್ಲ. ಕಟ್ಟಡ ಬೇಡವೇ ಬೇಡ, ಕಟ್ಟಡ ಅಂದ ತಕ್ಷಣ ಶಂಕುಸ್ಥಾಪನೆ, ಕಂಟ್ರಾಕ್ಟರ್, ಅಡಿಗಲ್ಲಿನ ಮೇಲೆ ಹನ್ನೊಂದು ಹೆಸರು. ಇರುವುದನ್ನೇ ನೋಡಿ. ಹಾಲಿನ ವ್ಯಾನು ದಿನಾ ಊರಿಗೆ ಬರುತ್ತದೆ. ಅದರಲ್ಲಿ ಫೀಡ್ ಮೂಟೆ ಬರುತ್ತದೆ, ಮಿನರಲ್ ಮಿಕ್ಸ್ಚರ್ ಬರುತ್ತದೆ, ಹಸುವಿಗೆ ಬೇಕಾದ ಔಷಧಿ ಬರುತ್ತದೆ. ಹಸುವಿನ ಯಜಮಾನಿಯ ಬಿಪಿ ಮಾತ್ರೆ ಯಾಕೆ ಬರಬಾರದು? ಹಸುವಿಗೆ ಜ್ವರ ಬಂದರೆ ಒಂದು ಫೋನಿಗೆ ಡಾಕ್ಟರ್ ಬೈಕಿನಲ್ಲಿ ಮನೆ ಬಾಗಿಲಿಗೆ ಬರುತ್ತಾರೆ. ಅಮ್ಮ ಇದನ್ನು ಹೇಳಿ ನಗುತ್ತಾಳೆ, "ನಾನೂ ನಾಲ್ಕು ಲೀಟರ್ ಕೊಟ್ಟಿದ್ರೆ ಬರ್ತಿದ್ರು".

ಕಾನೂನು ಬಿಡುವುದಿಲ್ಲ ಅನ್ನುವಂತಿಲ್ಲ. ವ್ಯವಸಾಯ ಸೇವಾ ಸಂಘಗಳಿಗೆ 2023ರಲ್ಲಿ ಕೇಂದ್ರದ ಸಹಕಾರ ಸಚಿವಾಲಯ ಮಾದರಿ ಬೈಲಾ ಕಳಿಸಿತು. 25ಕ್ಕಿಂತ ಜಾಸ್ತಿ ಕೆಲಸ ಮಾಡಬಹುದು ಅಂತ. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿ, ಗೋದಾಮು, ಜನೌಷಧಿ ಅಂಗಡಿ ಕೂಡ. ಪೆಟ್ರೋಲ್ ಮಾರಬಹುದಾದ ಸಂಘ ಒಬ್ಬ ಆರೈಕೆ ಹುಡುಗಿಗೆ ಸಂಬಳ ಕೊಡಲಾರದೇ?

ಈ ಸೇವಾ ಸಂಘದ ವಿಷಯದಲ್ಲಿ ಒಂದು ಕೋಪ ಇದೆ, ಹೇಳಿಬಿಡುತ್ತೇನೆ. ನಮ್ಮ ಕಡೆ ರೇಷನ್ನಿಗೆ ಸೊಸೈಟಿ ಅಂತಲೇ ಹೆಸರು, ರೇಷನ್ ಅಕ್ಕಿಗೆ ಸೊಸೈಟಿ ಅಕ್ಕಿ. ಅಲ್ಲಿ ಹೆಬ್ಬೆಟ್ಟು ಒತ್ತಬೇಕು. ಅರವತ್ತು ವರ್ಷ ಕಳೆ ಕಿತ್ತ, ಸಗಣಿ ಬಾಚಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? "ತಂಬ್ ತಗೊಳ್ತಿಲ್ಲ ಅಜ್ಜಿ, ನಾಳೆ ಬಾ." ಕೆಲಸ ಮಾಡಿದ್ದಕ್ಕೆ ಗುರುತೇ ಅಳಿಸಿಹೋಗಿದೆ ಅಂತ ಮಿಷನ್ ಹೇಳುತ್ತದೆ. ಮನೆಯ ಅಡ್ರೆಸ್ಸು, ಮೊಮ್ಮಗನ ಹೆಸರು ಎಲ್ಲ ಗೊತ್ತಿರುವ ಮನುಷ್ಯ ಎದುರಿಗೇ ಕೂತು ಮಿಷನ್ನಿನ ಮಾತು ಕೇಳುತ್ತಾನೆ.

ಇದನ್ನೆಲ್ಲ ಹೋದ ಸೆಪ್ಟೆಂಬರಿನಲ್ಲಿ ಸೆಕ್ರೆಟರಿ ಹುಡುಗನ ಮುಂದೆ ಒಂದೇ ಉಸಿರಿಗೆ ಹೇಳಿದೆ. ಹಸು ಬಿಟ್ಟವರನ್ನೂ ಸದಸ್ಯರಾಗಿ ಉಳಿಸಿ, ಓಟು ಬೇಡ, ಹೆಸರು ಇರಲಿ, ನಂಬರ್ ಇರಲಿ. ವಾರಕ್ಕೊಂದು ದಿನ ಆಶಾ ಕಾರ್ಯಕರ್ತೆಯನ್ನು ಡೇರಿಯಲ್ಲೇ ಕೂರಿಸಿ. ಅವನು ಫ್ಯಾಟ್ ಮಿಷನ್ ಒರೆಸುತ್ತಾ ಕೇಳಿಸಿಕೊಂಡ.

"ಅಕ್ಕಾ, ಹಾಲಿಗೆ ಫ್ಯಾಟ್ ಕಮ್ಮಿ ಬಂದ್ರೇ ನನ್ನ ಬೈತಾರೆ. ಅಜ್ಜಿಗೆ ಬಿಪಿ ಜಾಸ್ತಿ ಬಂದ್ರೆ ಅದೂ ನಂದೇ ತಪ್ಪು ಅಂತಾರೆ."

ನಕ್ಕೆ. ಆದರೆ ಅವನು ಹೇಳಿದ್ದು ಬರೀ ತಮಾಷೆ ಅಲ್ಲ. ಅವನ ಸಂಬಳ ಎಷ್ಟು ಅಂತ ನನಗೆ ಗೊತ್ತು, ಲೆಕ್ಕ ನೋಡುವವಳಲ್ಲವೇ. ಆ ಸಂಬಳಕ್ಕೆ ಬೆಳಿಗ್ಗೆ ಐದೂವರೆಗೆ ಎದ್ದು, ಎರಡು ಹೊತ್ತು ಹಾಲು ಅಳೆದು, ಕಂಪ್ಯೂಟರಿಗೆ ತುಂಬಿ, ಚುನಾವಣೆಯಲ್ಲಿ ಎರಡೂ ಪಾರ್ಟಿಯ ಬೈಗುಳ ತಿಂದು, ಮೇಲೆ ಊರಿನ ಮುದುಕರನ್ನೂ ನೋಡಿಕೋ ಅಂದರೆ ಅದು ಸಹಕಾರ ಅಲ್ಲ, ಬಿಟ್ಟಿ. ದುಡ್ಡು ಕೊಡಬೇಕು. ಮಹಾಸಭೆಯಲ್ಲಿ ಸ್ಟೀಲ್ ಪಾತ್ರೆ ಹಂಚುವುದನ್ನು ಒಂದು ವರ್ಷ ನಿಲ್ಲಿಸಿದರೆ ಒಬ್ಬ ಹುಡುಗಿಗೆ ಅರ್ಧ ದಿನದ ಸಂಬಳ ಕೆಲವು ತಿಂಗಳಾದರೂ ಬರುತ್ತದೆ. ನಿಲ್ಲಿಸಿ ಅಂದವರು ಚುನಾವಣೆಯಲ್ಲಿ ಸೋಲುತ್ತಾರೆ, ಅದೂ ಗೊತ್ತು.

ಅವನು ಇನ್ನೊಂದು ಮಾತು ಹೇಳಿದ, ಅದು ನನಗೆ ಹೊಳೆದೇ ಇರಲಿಲ್ಲ. "ನಮ್ಮ ಸಾಲಲ್ಲಿ ನಿಲ್ಲೋರು ಹಸು ಇದ್ದೋರಕ್ಕ. ಕಾಲೋನಿಯಲ್ಲಿ ಎಷ್ಟು ಜನಕ್ಕೆ ಹಸು ಇದೆ? ಅವರು ಹಾಲು ಹಾಕಿಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಕೂಲಿ ಮಾಡಿ ಮುದುಕರಾದವರಿಗೆ ನಂಬರೇ ಇರಲಿಲ್ಲ, ಹೋಗುವ ಮಾತೆಲ್ಲಿ. ಅವರ ಸಾಲು ಸೊಸೈಟಿ ಅಕ್ಕಿಯದು, ತಿಂಗಳಿಗೆ ಒಂದೇ ಸಲ. ಎರಡು ಸಂಘವೂ ಸೇರದೆ ಊರಿನ ಹಾಜರಿ ಪೂರ್ತಿ ಆಗುವುದಿಲ್ಲ. ಇನ್ನು ಹೆಂಗಸರ ಕಥೆ. ಹಾಲು ಕರೆಯುವವಳು, ಹೊತ್ತು ತರುವವಳು ಅವಳು, ಎಷ್ಟೋ ಮನೆಗಳಲ್ಲಿ ಷೇರು ಗಂಡನ ಹೆಸರಲ್ಲಿ. ಅಮ್ಮನ ಹೆಸರಿಗೆ ಬಂದಿದ್ದೂ ಅಪ್ಪ ಹೋದ ಮೇಲೆ.

ನಾನು ಬೆಂಗಳೂರಿಗೆ ಬಂದು ಬೈಲಾ ತಿದ್ದುಪಡಿಯ ಒಂದು ಕರಡು ಬರೆದೆ. 'ಹಿರಿಯ ಸದಸ್ಯರು' ಅಂತ ಒಂದು ಹೊಸ ವರ್ಗ, ಎರಡು ಪುಟ. ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ಈ ಸೆಪ್ಟೆಂಬರಿಗೆ ಯಾರಾದರೂ ಸದಸ್ಯರು ಸಭೆಯಲ್ಲಿ ಎತ್ತಬೇಕು. ಎತ್ತಬೇಕಾದವರು ಸದಸ್ಯರಾಗಿರಬೇಕು!

ಅಷ್ಟರಲ್ಲಿ ಅಮ್ಮ ತನ್ನ ದಾರಿ ತಾನೇ ಮಾಡಿಕೊಂಡಿದ್ದಳು. ಹೋದ ತಿಂಗಳು ಊರಿಗೆ ಹೋದಾಗ ಬೆಳಿಗ್ಗೆ ಆರೂಮುಕ್ಕಾಲಿಗೆ ವಾಕರ್ ಬಿಟ್ಟು ಕೋಲು ಹಿಡಿದು, ಒಂದು ಸಣ್ಣ ಸ್ಟೀಲ್ ತೂಗು ಪಾತ್ರೆ ತಗೊಂಡು ಹೊರಟಳು. ಎಲ್ಲಿಗೆ ಅಂದರೆ ಡೇರಿಗೆ. ಹಾಲು ತರಲು. ಡೇರಿಯಲ್ಲಿ ಊರಿನವರಿಗೂ ಒಂದಷ್ಟು ಹಾಲು ಮಾರುತ್ತಾರೆ, ಲೋಕಲ್ ಸೇಲ್ ಅಂತ. ಮನೆ ಬಾಗಿಲಿಗೇ ಪಕ್ಕದ ಮನೆಯವಳು ಹಾಲು ಕೊಡುತ್ತೇನೆ ಅಂದಿದ್ದಳಂತೆ. ಬೇಡ ಅಂದಿದ್ದಾಳೆ.

ನಾನೂ ಹಿಂದೆಯೇ ಹೋದೆ. ಸಾಲಿನಲ್ಲಿ ಅವಳಿಗೆ ಜಾಗ ಬಿಟ್ಟರು. ಅರ್ಧ ಲೀಟರ್. ಲೋಕಲ್ ಸೇಲಿನಲ್ಲಿ ಹೆಸರು ಬರೆಯುವುದಿಲ್ಲ, ಒಟ್ಟು ಲೀಟರ್ ಮಾತ್ರ, ಆಡಿಟ್‌ಗೆ ಅಷ್ಟು ಸಾಕು. ಆದರೆ ಟೆಸ್ಟರ್ ಹುಡುಗ ಪುಸ್ತಕದ ಹಿಂದಿನ ರಟ್ಟು ತೆಗೆದು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಅಲ್ಲಿ 63 ಅಂತ ಬರೆದು, ಮುಂದೆ ಸಾಲಾಗಿ ಗೆರೆಗಳಿದ್ದವು. ಅದರ ಕೆಳಗೆ 18, 41, 107. ಹಸು ಮಾರಿದವರೆಲ್ಲ. ನಾನು ನೋಡುತ್ತಿರುವುದನ್ನು ಕಂಡು ಹುಡುಗ ಪುಸ್ತಕ ಮುಚ್ಚಿದ, ಆಡಿಟ್‌ನವಳು ಅಂತ ಹೆದರಿಕೆ.

ಅಮ್ಮ ತೂಗು ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಹಾಲನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು.

"ಏನೋ ಇದು, ನೀರ್ ಇದ್ದಂಗೈತಲ್ಲೋ. ಫ್ಯಾಟ್ ಎಷ್ಟು ಬಂದೈತೆ, ಮಿಷನ್ನಿಗೆ ಹಾಕು, ನಾನು ನೋಡ್ಬೇಕು."